ಹಳೆಯ ಜೀಪು, ಬಿರುಕು ಬಿಟ್ಟ ಬೀಡು

ಬಣ್ಣ ಮಾಸಿದ ಜೀಪು ಓಡುತ್ತದೆ. ಮ್ಯಾನಿಫೋಲ್ಡ್ ಸೋರುವ ಜೀಪು ಏದುಸಿರು ಬಿಡುತ್ತದೆ. ಅರ್ಧ ಶತಮಾನ ದಾಟಿದ ವಿಲ್ಲಿಸ್, ಮಹೀಂದ್ರಾ ಜೀಪುಗಳ ಈ ಬೀಡಿನ, ಅಂದರೆ ಎರಕದ ಕಬ್ಬಿಣದ, ಕೊಳವೆಗಳನ್ನು ಮನೆಯ ಶೆಡ್ಡಿನಲ್ಲೇ ಬಿಚ್ಚಿ, ತೊಳೆದು, ಸಮ ಮಾಡಿ ಮತ್ತೆ ಕೂರಿಸಬಹುದು. ಅದಕ್ಕೆ ಅವಸರವಿಲ್ಲದ ಕೈ ಬೇಕು, ನೇರವಾದೊಂದು ಉಕ್ಕಿನ ಪಟ್ಟಿ ಬೇಕು, ಯಾವ ಕೆಲಸವನ್ನು ಲೇತ್ ಅಂಗಡಿಗೆ ಬಿಡಬೇಕೆಂಬ ತಿಳಿವಳಿಕೆಯೂ ಬೇಕು.

ಮಲೆನಾಡಿನಲ್ಲಿ ಮಳೆ ಹಿಂದೆಗೆದು, ಅರೇಬಿಕಾ ಕಾಫಿ ಕೊಯ್ಲು ಇನ್ನೂ ಶುರುವಾಗದ ದಿನಗಳಲ್ಲಿ, ತೋಟದ ಮನೆಗಳ ಶೆಡ್ಡುಗಳ ಬಾಗಿಲು ತೆರೆಯುತ್ತದೆ. ತಿಂಗಳುಗಟ್ಟಲೆ ತೇವದಲ್ಲಿ ನಿಂತ ಹಳೆಯ ಪೆಟ್ರೋಲ್ ಜೀಪು ಒಂದೆರಡು ಬಾರಿ ಕೆಮ್ಮಿ ಚಾಲೂ ಆಗುತ್ತದೆ. ಒಡನೆಯೇ ಎಂಜಿನ್ನಿನ ಒಂದು ಮಗ್ಗುಲಿನಿಂದ ಟಿಕ್ ಟಿಕ್ ಎಂಬ ಒಣ ಸದ್ದು ಹೊರಡುತ್ತದೆ. ಬಾನೆಟ್ ಎತ್ತಿದರೆ, ಬ್ಲಾಕಿಗೆ ಅಂಟಿದ ತುಕ್ಕುಬಣ್ಣದ ದಪ್ಪ ಕೊಳವೆಯ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಬೀಸಣಿಗೆಯಂತೆ ಹರಡಿರುತ್ತದೆ. ಎಂಜಿನ್ ಬಿಸಿಯಾಗುತ್ತಲೇ ಸದ್ದು ಅಡಗುತ್ತದೆ, ಮಾಲೀಕರ ಚಿಂತೆಯೂ ಅಡಗುತ್ತದೆ, ಮರುದಿನ ಬೆಳಿಗ್ಗೆ ಎರಡೂ ಮರಳಿ ಬರುತ್ತವೆ.

ಆ ಕೊಳವೆಯೇ ಮ್ಯಾನಿಫೋಲ್ಡ್. ಎಂಜಿನ್ನಿಗೆ ಇಂಥವು ಎರಡು. ಕಾರ್ಬ್ಯುರೇಟರಿನಲ್ಲಿ ಬೆರೆತ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ನಾಲ್ಕು ಸಿಲಿಂಡರುಗಳಿಗೂ ಹಂಚುವುದು ಇನ್‌ಟೇಕ್ ಮ್ಯಾನಿಫೋಲ್ಡ್. ಉರಿದ ಮೇಲೆ ಉಳಿಯುವ ಬಿಸಿ ಅನಿಲವನ್ನು ಅದೇ ಸಿಲಿಂಡರುಗಳಿಂದ ಒಟ್ಟುಗೂಡಿಸಿ ಸೈಲೆನ್ಸರ್ ಕೊಳವೆಗೆ ಒಪ್ಪಿಸುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್. ಎರಡರಲ್ಲೂ ಚಲಿಸುವ ಭಾಗ ಹೆಚ್ಚೇನೂ ಇಲ್ಲದ ಕಾರಣ ಅವು ಕೆಡುವುದಿಲ್ಲವೆಂಬ ನಂಬಿಕೆ ವ್ಯಾಪಕವಾಗಿದೆ. ಹಳೆಯ ಜೀಪುಗಳ ಪುನರುಜ್ಜೀವನದಲ್ಲಿ ಅತಿ ಹೆಚ್ಚು ಉಪೇಕ್ಷೆಗೆ ಗುರಿಯಾಗಿರುವ ಭಾಗ ಇದೇ ಎಂದು ಧೈರ್ಯವಾಗಿ ಹೇಳಬಹುದು.

ಯುದ್ಧಭೂಮಿಯಿಂದ ಮಜಗಾಂವ್‌ಗೆ

ಅಮೆರಿಕದ ಸೇನೆ ಎರಡನೆಯ ಮಹಾಯುದ್ಧಕ್ಕೆಂದು ಬಯಸಿದ ಹಗುರ ವಾಹನಕ್ಕೆ ವಿಲ್ಲಿಸ್ ಕಂಪನಿ ಕೊಟ್ಟ ಉತ್ತರದ ಜೀವಾಳ ಅದರ 'ಗೋ ಡೆವಿಲ್' ಎಂಜಿನ್. ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಹಳೆಯ ಕಾರಿನ ಎಂಜಿನ್ನೊಂದನ್ನು ತಿದ್ದಿ ತೀಡಿ ರೂಪಿಸಿದ ಈ 2.2 ಲೀಟರಿನ ನಾಲ್ಕು ಸಿಲಿಂಡರ್ ಯಂತ್ರ 60 ಅಶ್ವಶಕ್ತಿಯನ್ನು ಕೊಡುತ್ತಿತ್ತು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಒಟ್ಟಾಗಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು.

ಭಾರತಕ್ಕೆ ಈ ವಂಶವನ್ನು ತಂದವರು, 1945ರಲ್ಲಿ ಲೂಧಿಯಾನದಲ್ಲಿ ಕಂಪನಿಯೊಂದನ್ನು ಕಟ್ಟಿದ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಮತ್ತು ಮಲಿಕ್ ಗುಲಾಮ್ ಮೊಹಮ್ಮದ್. ಮೂರನೆಯವರು ದೇಶವಿಭಜನೆಯ ನಂತರ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರಾ ಅಂಡ್ ಮಹೀಂದ್ರಾ ಎಂದಾಯಿತು. ಬಿಡಿಭಾಗಗಳಾಗಿ ಹಡಗಿನಲ್ಲಿ ಬಂದ ಜೀಪುಗಳನ್ನು ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸುವುದರಿಂದ ಶುರುವಾದ ಕೆಲಸ ಮುಂದೆ ಪೂರ್ಣ ತಯಾರಿಕೆಗೆ ಬೆಳೆಯಿತು.

ನಮ್ಮ ಊರುಗಳಲ್ಲಿ ಕಾಣುವ ಎತ್ತರದ ಬಾನೆಟ್ಟಿನ ಜೀಪು ಮೂಲತಃ ಸಿಜೆ-3ಬಿ. ಅದರ ಬಾನೆಟ್ ಎತ್ತರವಾದದ್ದು ಅಂದಕ್ಕಾಗಿ ಅಲ್ಲ, ಒಳಗಿನ 'ಹರಿಕೇನ್' ಎಂಜಿನ್ ಹಿಂದಿನದಕ್ಕಿಂತ ಎತ್ತರವಾಗಿದ್ದುದರಿಂದ. ಅಮೆರಿಕದಲ್ಲಿ ಈ ಮಾದರಿ 1953ರಲ್ಲಿ ಹುಟ್ಟಿ 1968ರಲ್ಲಿ ನಿಂತರೂ ಭಾರತದಲ್ಲಿ ಅದರ ರೂಪ ದಶಕಗಳ ಕಾಲ ಬಾಳಿತು. ಡೀಸೆಲ್ ಅಗ್ಗವಾಗಿದ್ದ ಕಾಲದಲ್ಲಿ ಅಸಂಖ್ಯ ಪೆಟ್ರೋಲ್ ಜೀಪುಗಳ ಎಂಜಿನ್ನನ್ನೇ ಕಿತ್ತು ಡೀಸೆಲ್ ಎಂಜಿನ್ ಕೂರಿಸಲಾಯಿತು. ಹಾಗಾಗಿ ಮೂಲ ಪೆಟ್ರೋಲ್ ಎಂಜಿನ್ನೂ ಮೂಲ ಮ್ಯಾನಿಫೋಲ್ಡೂ ಉಳಿದಿರುವ ಜೀಪು ಇಂದು ಅಪರೂಪ, ಮತ್ತು ಕಾಪಾಡತಕ್ಕ ವಸ್ತು.

ಎರಡು ಎಂಜಿನ್ನುಗಳ ನಡುವಣ ವ್ಯತ್ಯಾಸವನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಅರಿಯಬೇಕು. ಗೋ ಡೆವಿಲ್‌ನಲ್ಲಿ ಗಾಳಿ ಒಳಬಿಡುವ ವಾಲ್ವ್, ಹೊಗೆ ಹೊರಬಿಡುವ ವಾಲ್ವ್ ಎರಡೂ ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ ಇವೆ. ಆದ್ದರಿಂದ ಎರಡೂ ಮ್ಯಾನಿಫೋಲ್ಡುಗಳು ಬ್ಲಾಕಿನ ಒಂದೇ ಮುಖಕ್ಕೆ, ಇನ್‌ಟೇಕ್ ಮೇಲೆ, ಎಕ್ಸಾಸ್ಟ್ ಕೆಳಗೆ ಎಂಬಂತೆ, ಪರಸ್ಪರ ಬೋಲ್ಟಿನಿಂದ ಬಿಗಿದುಕೊಂಡು ಕುಳಿತಿರುತ್ತವೆ. ಹರಿಕೇನ್‌ನಲ್ಲಿ ಇನ್‌ಟೇಕ್ ವಾಲ್ವ್ ಮೇಲಿನ ಸಿಲಿಂಡರ್ ಹೆಡ್ಡಿಗೆ ಹೋಗಿದೆ. ಇನ್‌ಟೇಕ್ ಮಾರ್ಗವನ್ನು ಹೆಡ್ಡಿನ ಜೊತೆಗೇ ಎರಕ ಹೊಯ್ಯಲಾಗಿದೆ. ಬ್ಲಾಕಿನ ಮಗ್ಗುಲಲ್ಲಿ ಉಳಿದಿರುವುದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮಾತ್ರ. ಹರಿಕೇನ್‌ನ ಕೆಲಸ ಅಷ್ಟರಮಟ್ಟಿಗೆ ಸರಳ. ಗೋ ಡೆವಿಲ್‌ನದು ಎರಡು ಎರಕಗಳನ್ನು ಏಕಕಾಲಕ್ಕೆ ಒಂದೇ ಸಮತಲಕ್ಕೆ ತರುವ ಕೆಲಸ.

ಬೀಡು ಬಿರಿಯುವ ಬಗೆ

ಮ್ಯಾನಿಫೋಲ್ಡ್ ಎರಕವಾಗುವುದು ಬೂದು ಬೀಡಿನಲ್ಲಿ. ಅಂದರೆ ಇಂಗಾಲದ ಅಂಶ ಶೇಕಡ 2.5ರಿಂದ 4ರಷ್ಟಿದ್ದು, ಆ ಇಂಗಾಲದ ಬಹುಭಾಗ ಗ್ರಾಫೈಟಿನ ತೆಳು ಹಾಳೆಗಳಾಗಿ ಒಳಗೆ ಹುದುಗಿರುವ ಕಬ್ಬಿಣದಲ್ಲಿ. ಒತ್ತಡವನ್ನು ಅದು ಚೆನ್ನಾಗಿ ತಾಳುತ್ತದೆ, ಆದರೆ ಎಳೆತವನ್ನೂ ಬಾಗುವಿಕೆಯನ್ನೂ ತಾಳದೆ ಬಿರಿಯುತ್ತದೆ.

ಅರ್ಧ ಮೀಟರ್ ಉದ್ದದ ಬೀಡು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಎರಡೂವರೆ ಮಿಲಿಮೀಟರಿಗೂ ಮಿಗಿಲಾಗಿ ಉದ್ದವಾಗುತ್ತದೆ. ಅದನ್ನು ಹಿಡಿದಿರುವ ಬ್ಲಾಕು, ಒಳಗೆ ನೀರು ಹರಿಯುವುದರಿಂದ, ನೂರು ಡಿಗ್ರಿಯೊಳಗೇ ಉಳಿದು ಬಹಳ ಕಡಿಮೆ ಹಿಗ್ಗುತ್ತದೆ. ಈ ಹಿಗ್ಗು ಕುಗ್ಗಿನ ಸೆಣಸಾಟದಲ್ಲಿ ಎರಡು ತುದಿಗಳ ಸ್ಟಡ್‌ಗಳ ಮೇಲೆ, ಅಂದರೆ ಬ್ಲಾಕಿಗೆ ತಿರುಪಿದ ತಲೆಯಿಲ್ಲದ ಬೋಲ್ಟುಗಳ ಮೇಲೆ, ಅತಿ ಹೆಚ್ಚಿನ ಭಾರ ಬೀಳುತ್ತದೆ. ಮ್ಯಾನಿಫೋಲ್ಡಿನ ಸ್ಟಡ್ ರಂಧ್ರಗಳನ್ನು ತುಸು ದೊಡ್ಡದಾಗಿಯೇ ಕೊರೆದಿರುವುದು ಬೀಡು ಜಾರಿ ಸರಿಯಲೆಂದು. ತುಕ್ಕು ಹಿಡಿದು ಆ ಜಾಗ ಕಟ್ಟಿಕೊಂಡಾಗ, ಅಥವಾ ನಟ್‌ಗಳನ್ನು ಮಿತಿಮೀರಿ ಬಿಗಿದಾಗ, ಮ್ಯಾನಿಫೋಲ್ಡ್ ಬಾಗುತ್ತದೆ, ಇಲ್ಲವೇ ಸ್ಟಡ್ ಹಾಯುವ ಅದರ ಕಿವಿ ಮುರಿಯುತ್ತದೆ. ಬಿಸಿ ಎಂಜಿನ್ ಹೊಳೆ ದಾಟುವಾಗ ಮೇಲೆ ಎರಚುವ ತಣ್ಣೀರೂ ಇದೇ ಹಾನಿಯನ್ನು ಮಾಡಬಲ್ಲದು.

ಎಕ್ಸಾಸ್ಟ್ ಸೋರಿದರೆ ಸದ್ದು, ಮಸಿ, ಜೊತೆಗೆ ಬಣ್ಣವಾಸನೆಗಳಿಲ್ಲದ ವಿಷಾನಿಲ ಕಾರ್ಬನ್ ಮೊನಾಕ್ಸೈಡ್. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಸೋರಿಕೆ ಹುಡುಕುವುದು ಪ್ರಾಣಾಪಾಯದ ಕೆಲಸ. ಜೀಪನ್ನು ಅಂಗಳಕ್ಕೆ ತಂದೇ ನೋಡಬೇಕು.

ಇನ್‌ಟೇಕ್ ಸೋರಿಕೆ ಹೊರಗೆ ಕಾಣುವುದಿಲ್ಲ. ಸಂದಿಯಿಂದ ಕಳ್ಳಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ. ಐಡ್ಲಿಂಗ್ ಏರುಪೇರಾಗುತ್ತದೆ, ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ, ಕಾರ್ಬ್ಯುರೇಟರ್ ಬಾಯಲ್ಲಿ ಪಟ್ಟನೆ ಸಿಡಿಯುತ್ತದೆ. ಇದನ್ನು ಕಾರ್ಬ್ಯುರೇಟರಿನ ದೋಷವೆಂದು ಬಗೆದು ಅದನ್ನೇ ಮತ್ತೆ ಮತ್ತೆ ಬಿಚ್ಚುವುದು ಸಾಮಾನ್ಯ. ವ್ಯಾಕ್ಯೂಮ್ ಗೇಜ್, ಅಂದರೆ ಇನ್‌ಟೇಕ್ ಒಳಗಿನ ಹೀರುಬಲವನ್ನು ಅಳೆಯುವ ಮಾಪಕ, ಈ ಗೊಂದಲವನ್ನು ನೀಗಿಸುತ್ತದೆ.

> ಮಡಿಕೇರಿಯಲ್ಲಿ ಮುಳ್ಳು ಇಳಿಯುವುದೇಕೆ?
> ಆರೋಗ್ಯವಂತ ಎಂಜಿನ್ನಿನ ವ್ಯಾಕ್ಯೂಮ್ ಗೇಜ್ ಐಡ್ಲಿಂಗ್‌ನಲ್ಲಿ ಸಮುದ್ರಮಟ್ಟದ ಊರುಗಳಲ್ಲಿ 17ರಿಂದ 21 ಇಂಚು ಪಾದರಸವನ್ನು ತೋರಿಸುತ್ತದೆ. ಪ್ರತಿ 1,000 ಅಡಿ ಏರಿದಂತೆ ಈ ಅಂಕಿ ಸುಮಾರು ಒಂದು ಇಂಚು ಇಳಿಯುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ 14 ಅಥವಾ 15 ತೋರಿಸುವ ಎಂಜಿನ್ ಚೆನ್ನಾಗಿಯೇ ಇದೆ. ಮಂಗಳೂರಿನಲ್ಲಿ ಅದೇ ಅಂಕಿ ಬಂದರೆ ಸೋರಿಕೆಯನ್ನು ಹುಡುಕಬೇಕು.

ಬಿಚ್ಚುವುದೇ ಅರ್ಧ ಕೆಲಸ

ದಶಕಗಳ ಕಾಲ ಕಾದು ತಣಿದ ನಟ್ ಬಿಚ್ಚುವಾಗ ಬಲಕ್ಕಿಂತ ಸಮಯ ದೊಡ್ಡದು. ತುಕ್ಕಿನೊಳಗೆ ಇಳಿಯುವ ತೆಳು ಎಣ್ಣೆಯನ್ನು ದಿನಕ್ಕೆರಡು ಬಾರಿಯಂತೆ ಹಲವು ದಿನ ಸ್ಟಡ್‌ಗಳ ಬುಡಕ್ಕೆ ಬಿಟ್ಟು, ನಟ್‌ನ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಿರಬೇಕು; ತಟ್ಟಿದ ಅದುರಿಗೆ ತುಕ್ಕಿನ ಪದರ ಸಡಿಲಿ ಎಣ್ಣೆ ಒಳಗಿಳಿಯುತ್ತದೆ.

ಬಿಚ್ಚುವ ದಿನ, ಆರು ಮೂಲೆಯನ್ನೂ ತುಂಬಾ ಹಿಡಿಯುವ ಬಾಕ್ಸ್ ಸ್ಪ್ಯಾನರನ್ನು ಕೂರಿಸಿ, ನಟ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ತಿರುಗಿಸುವುದು ಅನುಭವಿ ಮೆಕ್ಯಾನಿಕ್‌ಗಳ ಪದ್ಧತಿ. ಹಿಡಿತ ಮುರಿದಾಗ ಕಿರ್ ಎಂಬ ಸಣ್ಣ ಸದ್ದು ಕೇಳುತ್ತದೆ. ಆಗ ಕಾಲು ಸುತ್ತು ಹೊರಕ್ಕೆ, ಅರ್ಧದಷ್ಟು ಒಳಕ್ಕೆ, ಮತ್ತೆ ಎಣ್ಣೆ, ಹೀಗೆ ಹಿಂದೆ ಮುಂದೆ ಆಡಿಸುತ್ತ ಮರೆಯ, ಅಂದರೆ ತಿರುಪಿನ, ಹಲ್ಲುಗಳಲ್ಲಿ ಸಿಕ್ಕಿದ ಪುಡಿಯನ್ನು ಹೊರತರಬೇಕು. ಕೈಗೆ ರಬ್ಬರಿನಂಥ ಮೆದು ಎಳೆತ ತಗುಲಿತೆಂದರೆ ನಟ್ ತಿರುಗುತ್ತಿಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ ಎಂದರ್ಥ. ಅಲ್ಲಿಗೆ ಕೈ ನಿಲ್ಲಬೇಕು.

ಮುಂದಿನ ಉಪಾಯ ಬೆಂಕಿ. ಕಾರ್ಬ್ಯುರೇಟರನ್ನೂ ಪೆಟ್ರೋಲ್ ಕೊಳವೆಯನ್ನೂ ದೂರವಿಟ್ಟು, ಸುರಿದ ಎಣ್ಣೆಯನ್ನೆಲ್ಲ ಒರೆಸಿದ ನಂತರವಷ್ಟೇ ನಟ್‌ಗೆ ಬ್ಲೋ ಲ್ಯಾಂಪ್ ಹಿಡಿಯಬೇಕು. ಕಾದ ನಟ್ ಹಿಗ್ಗಿದಾಗ ಮೇಣದ ಬತ್ತಿಯನ್ನು ಸ್ಟಡ್‌ಗೆ ತಾಗಿಸಿದರೆ ಕರಗಿದ ಮೇಣ ಮರೆಯೊಳಗೆ ತಾನಾಗಿ ಹರಿದು ಜಾರುಕವಾಗುತ್ತದೆ.

ಇಷ್ಟಾದರೂ ಸ್ಟಡ್ ಮುರಿದೀತು. ತುಸು ಹೊರಗೆ ಉಳಿದಿದ್ದರೆ ಅದರ ಮೇಲೆ ಹೊಸ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸಿದಾಗ, ಆ ಶಾಖಕ್ಕೇ ಸ್ಟಡ್ ಸಡಿಲಗೊಂಡು ಹೊರಬರುವುದುಂಟು. ಬ್ಲಾಕಿನ ಮಟ್ಟಕ್ಕೆ ಮುರಿದರೆ ನಡುಮಧ್ಯಕ್ಕೆ ಗುರುತು ಕುಟ್ಟಿ ಕೊರೆಯಬೇಕು. ಕೊರೆದ ತೂತಿಗೆ ಇಳಿಸಿ ತಿರುಗಿಸುವ 'ಈಸಿ ಔಟ್' ಎಂಬ ಉಪಕರಣ ಮನೆಯ ಕೆಲಸಗಾರರಿಗೆ ತಕ್ಕುದಲ್ಲ; ಬಿರುಸಾದ ಉಕ್ಕಿನ ಆ ಕಡ್ಡಿ ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಈ ಹಂತದಲ್ಲಿ ಲೇತ್ ಅಂಗಡಿಯ ನುರಿತ ಟರ್ನರನ್ನು ಶೆಡ್ಡಿಗೆ ಕರೆಸುವುದು ಉತ್ತಮ.

ಈ ಜೀಪುಗಳ ಮ್ಯಾನಿಫೋಲ್ಡ್ ಸ್ಟಡ್‌ಗಳು 3/8 ಇಂಚಿನವು, ಅಂದರೆ ಸುಮಾರು 9.5 ಮಿಲಿಮೀಟರ್. ಸಿಕ್ಕಿದ 10 ಮಿಲಿಮೀಟರ್ ಬೋಲ್ಟನ್ನು ಬ್ಲಾಕಿಗೆ ಬಲವಂತವಾಗಿ ತುರುಕಿ ಮೂಲ ಮರೆಯನ್ನೇ ಹಾಳುಗೆಡವಿದ ಉದಾಹರಣೆಗಳು ಹಳೆಯ ಬ್ಲಾಕುಗಳಲ್ಲಿ ಬೇಕಾದಷ್ಟಿವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಗೆ ಹಳೆಯ ಸ್ಟಡ್ಡನ್ನೇ ಮಾದರಿಯಾಗಿ ಒಯ್ದು, ಇಂಚಿನ ಅಳತೆಯದನ್ನೇ ಕೇಳಿ ತರಬೇಕು.

> ಹಳೆಯ ಗ್ಯಾಸ್ಕೆಟ್: ಒಣಗಿದ್ದಂತೆಯೇ ಕೆರೆಯಬೇಡಿ
> ಬ್ಲಾಕು ಮತ್ತು ಮ್ಯಾನಿಫೋಲ್ಡಿನ ನಡುವಣ ಹಳೆಯ ಗ್ಯಾಸ್ಕೆಟ್‌ಗಳಲ್ಲಿ ತಾಮ್ರದ ಹಾಳೆಯೊಳಗೆ ಆಸ್‌ಬೆಸ್ಟಾಸ್ ಇರುವ ಸಂಭವ ಹೆಚ್ಚು. ಅದರ ಎಳೆಗಳು ಉಸಿರಿನೊಡನೆ ಒಳಹೊಕ್ಕರೆ ಶ್ವಾಸಕೋಶದ ಕಾಯಿಲೆ ದಶಕಗಳ ನಂತರ ತಲೆದೋರಬಹುದು. ಗ್ಯಾಸ್ಕೆಟ್ಟನ್ನು ಸಾಬೂನು ನೀರಿನಿಂದ ಪೂರ್ತಿ ನೆನೆಸಿ, ಆಸ್‌ಬೆಸ್ಟಾಸ್ ಎಳೆಗಳನ್ನು ತಡೆಯಬಲ್ಲ ಮಾಸ್ಕ್ ಧರಿಸಿ, ಮೊಂಡು ಪಟ್ಟಿಯಿಂದ ಎಬ್ಬಿಸಿ, ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಬೇಕು. ವಿದ್ಯುತ್ ವೈರ್ ಬ್ರಷ್ ಇಲ್ಲಿ ಸಲ್ಲದು.

ತುಕ್ಕು ಬಿಡಿಸುವ ತೊಟ್ಟಿ

ಹೊರಬಂದ ಎರಕವನ್ನು ಮೊದಲು ಎಣ್ಣೆ ಜಿಡ್ಡು ಹೋಗುವಂತೆ ತೊಳೆಯಬೇಕು. ತುಕ್ಕಿಗೆ ಮನೆಯಲ್ಲಿ ಎರಡು ಮಾರ್ಗಗಳಿವೆ. ಕಿರಾಣಿ ಅಂಗಡಿಯ ನಿಂಬೆಉಪ್ಪನ್ನು ನೀರಿಗೆ ಬೆರೆಸಿ ನೆನೆಹಾಕುವುದು ಸುಲಭದ್ದು. ಆದರೆ ಆಮ್ಲ ತುಕ್ಕು ಮುಗಿದ ಮೇಲೆ ಬೀಡನ್ನೂ ತಿನ್ನತೊಡಗುವುದರಿಂದ ಆಗಾಗ ತೆಗೆದು ನೋಡುತ್ತಿರಬೇಕು.

ಎರಡನೆಯದು ವಿದ್ಯುತ್ತಿನ ಮಾರ್ಗ. ಪ್ಲಾಸ್ಟಿಕ್ ತೊಟ್ಟಿಯ ನೀರಿಗೆ ವಾಷಿಂಗ್ ಸೋಡಾ ಕರಗಿಸಿ, ಮ್ಯಾನಿಫೋಲ್ಡನ್ನು 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತುದಿಗೂ ಬೇಡವಾದ ಕಬ್ಬಿಣದ ತಗಡನ್ನು ಧನ ತುದಿಗೂ ಜೋಡಿಸಿ, ಎರಡೂ ಒಂದನ್ನೊಂದು ತಾಗದಂತೆ ಮುಳುಗಿಸಿದರೆ, ತುಕ್ಕು ರಾತ್ರಿ ಕಳೆಯುವುದರೊಳಗೆ ಕಪ್ಪು ಕೆಸರಾಗಿ ಸಡಿಲುತ್ತದೆ. ಒಳ್ಳೆಯ ಬೀಡಿಗೆ ಇದರಿಂದ ಹಾನಿಯಿಲ್ಲ. ಆದ್ದರಿಂದ ಇದೇ ಮೇಲು. ತಗಡಿನ ಬದಲು ಸ್ಟೇನ್‌ಲೆಸ್ ಸ್ಟೀಲನ್ನು ಎಂದಿಗೂ ಬಳಸಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಗುಳ್ಳೆಗಳಾಗಿ ಏಳುವುದು ಹೈಡ್ರೋಜನ್ ಅನಿಲವಾದ್ದರಿಂದ ತೊಟ್ಟಿ ಬಯಲಿನಲ್ಲಿರಬೇಕು, ಹತ್ತಿರ ಬೀಡಿ ಬೆಂಕಿ ಇರಬಾರದು, ತಂತಿ ಬಿಚ್ಚುವ ಮೊದಲು ಚಾರ್ಜರ್ ಆರಿಸಿರಬೇಕು.

ಸಮತಲವೇ ಸರ್ವಸ್ವ

ಶುಚಿಯಾದ ಬೀಡು ಮೊದಲ ಬಾರಿಗೆ ನಿಜ ಹೇಳುತ್ತದೆ. ಬ್ಲಾಕಿಗೆ ಕೂರುವ ಮುಖಗಳ ಮೇಲೆ ನೇರ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ ಓರೆಯಾಗಿಯೂ ಇಟ್ಟು, ಪಟ್ಟಿಯ ಕೆಳಗಿನ ಸಂದಿಗೆ ಫೀಲರ್ ಗೇಜಿನ, ಅಂದರೆ ದಪ್ಪ ನಮೂದಿಸಿದ ತೆಳು ಉಕ್ಕಿನ ಎಲೆಗಳ, ಒಂದೊಂದೇ ಎಲೆಯನ್ನು ತೂರಿಸಿ ನೋಡಬೇಕು. 0.15 ಮಿಲಿಮೀಟರ್ ಎಲೆ ಸರಾಗವಾಗಿ ನುಸುಳಿದರೆ ಮುಖ ಬಾಗಿದೆ. ಎಷ್ಟೇ ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಅದು ಹೆಚ್ಚು ಕಾಲ ನಿಲ್ಲದು, ಬಲವಂತವಾಗಿ ಬಿಗಿದರೆ ಬೀಡೇ ಬಿರಿಯುತ್ತದೆ.

ಅಲ್ಪಸ್ವಲ್ಪ ಏರುತಗ್ಗನ್ನು ದಪ್ಪ ಗಾಜಿನ ಮೇಲೆ ಅಂಟಿಸಿದ ಎಮರಿ ಹಾಳೆಯಲ್ಲಿ ಉಜ್ಜಿ ಸರಿಪಡಿಸಬಹುದು. ಮುಖಕ್ಕೆ ಬಣ್ಣದ ಪೆನ್ನಿನಿಂದ ಗೆರೆಗಳನ್ನೆಳೆದುಕೊಂಡರೆ, ಗೆರೆ ಅಳಿಸಿದ ಜಾಗ ಉಬ್ಬು, ಉಳಿದ ಜಾಗ ತಗ್ಗು. ಅದಕ್ಕಿಂತ ಹೆಚ್ಚಿನ ಬಾಗನ್ನು ಮಷಿನ್ ಶಾಪ್‌ಗೇ ಒಪ್ಪಿಸಬೇಕು. ಕೈಯಲ್ಲಿ ಹಿಡಿದ ಗ್ರೈಂಡರ್ ಈ ಮುಖಕ್ಕೆ ಶತ್ರು.

ಗೋ ಡೆವಿಲ್‌ನ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಮುಖಗಳನ್ನು ಬೇರೆ ಬೇರೆಯಾಗಿ ಸಮ ಮಾಡಿಸಿ ಆಮೇಲೆ ಜೋಡಿಸಿದರೆ ಎರಡೂ ಒಂದೇ ಮಟ್ಟದಲ್ಲಿರುವ ಭರವಸೆಯಿಲ್ಲ. ನಡುವಣ ಗ್ಯಾಸ್ಕೆಟ್ ಸಮೇತ ಎರಡನ್ನೂ ಬಿಗಿದು, ಒಂದೇ ತುಂಡೆಂಬಂತೆ ಯಂತ್ರಕ್ಕೆ ಏರಿಸಿ, ಎಲ್ಲ ಮುಖಗಳನ್ನೂ ಒಟ್ಟಿಗೆ ಹೆರೆಸಬೇಕು. ಮನೆಯಲ್ಲಿ ಕಷ್ಟಪಟ್ಟು ಮಾಡಿದ ಕೆಲಸ ನಿಲ್ಲುವುದೂ ಕೆಡುವುದೂ ಈ ಒಂದು ನಡೆಯ ಮೇಲೆ.

ಬಿರುಕನ್ನು ಕಂಡೊಡನೆ ಮ್ಯಾನಿಫೋಲ್ಡ್ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ಉದ್ದಕ್ಕೂ ಇಳಿಜಾರಿನ ಕಾಲುವೆ ತೋಡಿ, ಬೀಡನ್ನು ಮುಂಚಿತವಾಗಿ ಕಾಯಿಸಿ, ನಿಕ್ಕೆಲ್ ಅಂಶ ಹೆಚ್ಚಿರುವ ರಾಡ್‌ನಿಂದ ಒಂದೊಂದೇ ಅಂಗುಲ ವೆಲ್ಡ್ ಮಾಡಿ, ಪ್ರತಿ ತುಂಡನ್ನೂ ಬಿಸಿಯಿರುವಾಗಲೇ ಮೆಲ್ಲಗೆ ಕುಟ್ಟಿ, ಕೊನೆಗೆ ಒಣ ಮರಳಿನಲ್ಲೋ ಬೂದಿಯಲ್ಲೋ ಹೂತು ನಿಧಾನವಾಗಿ ತಣಿಸಬೇಕು. ಗೇಟು ಗ್ರಿಲ್ಲುಗಳಿಗೆ ಬಳಸುವ ಸಾಮಾನ್ಯ ರಾಡ್‌ನಿಂದ ಬೆಸೆದರೆ, ಬೀಡಿನ ಇಂಗಾಲ ಬೆರೆತು ಬೆಸುಗೆಯ ಅಂಚು ಗಾಜಿನಂತೆ ಪೆಡಸಾಗಿ ಪಕ್ಕದಲ್ಲೇ ಹೊಸ ಬಿರುಕು ಬೀಳುತ್ತದೆ. ಬೀಡಿನ ವೆಲ್ಡಿಂಗ್ ಬಲ್ಲವರನ್ನು ಹುಡುಕಿಕೊಂಡು ಹೋಗುವುದು ಶ್ರಮಕ್ಕೆ ತಕ್ಕ ಕೆಲಸ. ಮುಖ ಸಮ ಮಾಡಿಸುವುದು ವೆಲ್ಡಿಂಗಿನ ನಂತರವೇ ಹೊರತು ಮೊದಲಲ್ಲ.

ಮರೆತುಹೋದ ಸ್ಪ್ರಿಂಗು

ಗೋ ಡೆವಿಲ್‌ನಲ್ಲಿ ಎರಡು ಮ್ಯಾನಿಫೋಲ್ಡುಗಳು ಕೂಡುವೆಡೆ, ಎಕ್ಸಾಸ್ಟ್ ಒಳಗೆ, ಒಂದು ತಗಡಿನ ಕವಾಟವಿದೆ. ತಣ್ಣಗಿರುವ ಎಂಜಿನ್ನಿನಲ್ಲಿ ಇದು ಬಿಸಿ ಅನಿಲವನ್ನು ಮೇಲಕ್ಕೆ ತಿರುಗಿಸಿ ಇನ್‌ಟೇಕ್‌ನ ತಳವನ್ನು ಕಾಯಿಸುತ್ತದೆ; ಪೆಟ್ರೋಲು ಹನಿಯಾಗಿ ಉಳಿಯದೆ ಆವಿಯಾಗುತ್ತದೆ. ಹೊರಗಿನ ಸುರುಳಿ ಸ್ಪ್ರಿಂಗು ಬಿಸಿಗೆ ಸಡಿಲಿದಂತೆ ಕವಾಟ ತಿರುಗಿ ಅನಿಲವನ್ನು ನೇರ ಸೈಲೆನ್ಸರಿಗೆ ಬಿಡುತ್ತದೆ. ಯಾವ ವಿದ್ಯುತ್ತಿನ ನೆರವೂ ಇಲ್ಲದೆ ತಾನಾಗಿ ನಡೆಯುವ ಈ ವ್ಯವಸ್ಥೆ ಮೆಚ್ಚತಕ್ಕದ್ದು.

ತುಕ್ಕಿನಿಂದ ಕವಾಟದ ಕಡ್ಡಿ ಕಟ್ಟಿಕೊಂಡಾಗ ತೊಂದರೆ ಆರಂಭ. ತಣ್ಣನೆಯ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಇನ್‌ಟೇಕ್ ಸದಾ ಕಾಯುತ್ತ, ಏರು ದಾರಿಯಲ್ಲಿ ಶಕ್ತಿ ಕುಂದುತ್ತದೆ. ಬಿಸಿಯ ಸ್ಥಿತಿಯಲ್ಲಿ ಸಿಕ್ಕಿಕೊಂಡರೆ ಚಳಿಯ ಬೆಳಗಿನಲ್ಲಿ ಎಂಜಿನ್ ಮುಗ್ಗರಿಸುತ್ತದೆ. ಕಿತ್ತೆಸೆಯುವ ಬದಲು ಕಡ್ಡಿಯನ್ನು ಬಿಡಿಸಿ, ಬೆರಳಿನಿಂದ ತಳ್ಳಿದರೆ ತಿರುಗಿ ತಾನೇ ಹಿಂದಿರುಗುವಷ್ಟು ಸಡಿಲ ಮಾಡಬೇಕು.

ಬಣ್ಣದ ಮಾತು ಕೊನೆಗೆ, ಮತ್ತು ಚಿಕ್ಕದಾಗಿ: ಸಾಮಾನ್ಯ ಪೇಂಟ್ ಮೊದಲ ಓಟದಲ್ಲೇ ಸುಟ್ಟುಹೋಗುತ್ತದೆ, 600 ಡಿಗ್ರಿ ತಾಳುವ ಸಿಲಿಕೋನ್ ಪೇಂಟನ್ನು ತೆಳುವಾಗಿ ಬಳಿದು, ಡಬ್ಬಿಯ ಮೇಲಿನ ಸೂಚನೆಯಂತೆ ಹಂತ ಹಂತವಾಗಿ ಕಾಯಿಸಬೇಕು. ಗ್ಯಾಸ್ಕೆಟ್ ಕೂರುವ ಮುಖಕ್ಕೆ ಬಣ್ಣ ತಾಗಕೂಡದು.

ಕೂರಿಸುವ ಕ್ರಮ

ಗೋ ಡೆವಿಲ್‌ನಲ್ಲಿ, ಜೋಡಿಯನ್ನು ಯಂತ್ರಕ್ಕೆ ಏರಿಸದೆ ಇದ್ದಲ್ಲಿ, ಎರಡು ಮ್ಯಾನಿಫೋಲ್ಡುಗಳ ನಡುವಣ ಬೋಲ್ಟುಗಳನ್ನು ಬೆರಳಿನ ಬಿಗಿಯಲ್ಲಷ್ಟೇ ಇಟ್ಟು, ಜೋಡಿಯನ್ನು ಬ್ಲಾಕಿಗೆ ಹೊಂದಿಸಿ ನಟ್‌ಗಳನ್ನು ಹಗುರವಾಗಿ ಕೂರಿಸಿದ ಮೇಲೆ ನಡುವಣ ಬೋಲ್ಟುಗಳನ್ನು ಬಿಗಿಯಬೇಕು. ಆಗ ಎರಡೂ ಎರಕಗಳು ಬ್ಲಾಕಿನ ಮುಖವನ್ನು ಅನುಸರಿಸಿ ನೆಲೆಗೊಳ್ಳುತ್ತವೆ. ಸ್ಟಡ್‌ಗಳಿಗೆ ತಾಮ್ರದ ಪುಡಿ ಬೆರೆತ ಗ್ರೀಸ್ ಸವರಿ, ಸಾಧ್ಯವಾದರೆ ಹಿತ್ತಾಳೆಯ ನಟ್ ಬಳಸಿದರೆ ಮುಂದಿನ ಬಾರಿ ಬಿಚ್ಚುವವರಿಗೆ ಕಷ್ಟವಿಲ್ಲ.

ಬಿಗಿಯುವುದು ನಡುವಿನಿಂದ ತುದಿಗಳತ್ತ, ಎರಡು ಮೂರು ಸುತ್ತಿನಲ್ಲಿ. ಈ ಎಂಜಿನ್ನುಗಳಿಗೆ 30ರಿಂದ 35 ಪೌಂಡ್-ಅಡಿ, ಅಂದರೆ ನಾಲ್ಕು ಕಿಲೋಗ್ರಾಂ-ಮೀಟರಿಗಿಂತ ತುಸು ಹೆಚ್ಚಿನ ತಿರುಚುಬಲ ಸಾಕು. ಗ್ರೀಸ್ ಸವರಿದ ಸ್ಟಡ್‌ಗೆ ಅದರ ಕೆಳ ಅಂಚೇ ಸರಿ. ಅಂದಾಜಿಗೆ ಬಿಡದೆ ಟಾರ್ಕ್ ರೆಂಚ್ ಬಳಸಬೇಕು. ಸೈಲೆನ್ಸರ್ ಕೊಳವೆಯ ಕ್ಲಾಂಪುಗಳನ್ನು ಕೊನೆಗೆ ಬಿಗಿಯದಿದ್ದರೆ ಕೊಳವೆಯ ಭಾರವೆಲ್ಲ ಹೊಸದಾಗಿ ಸಮಗೊಂಡ ಬೀಡಿನ ಮೇಲೆ ಜೋತುಬೀಳುತ್ತದೆ.

> ಐವತ್ತು ದಾಟಿದ ಜೀಪಿಗೆ 'ವಿಎ' ಸಂಖ್ಯೆ
> 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮಗಳನ್ನು ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿ, ಮೂಲ ರೂಪದಲ್ಲೇ ಉಳಿದು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಗಳು ಸಂಖ್ಯೆಫಲಕದಲ್ಲಿ 'ವಿಎ' ಅಕ್ಷರಗಳನ್ನು ಪಡೆಯಬಹುದು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಇಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಎಂಜಿನ್ ಚಾಲೂ ಮಾಡಿ ಪೂರ್ತಿ ಬಿಸಿಯಾಗಲು ಬಿಟ್ಟು, ಮತ್ತೆ ಪೂರ್ತಿ ತಣಿದ ಮೇಲೆ, ಪ್ರತಿ ನಟ್ಟನ್ನೂ ಅದೇ ಅಳತೆಗೆ ಇನ್ನೊಮ್ಮೆ ಬಿಗಿಯಬೇಕು. ಹೊಸ ಗ್ಯಾಸ್ಕೆಟ್ ಮೊದಲ ಶಾಖಕ್ಕೆ ತುಸು ಅಮರಿ ನಟ್‌ಗಳು ಸಡಿಲುವುದು ಸಹಜ. ಮರುಬಿಗಿಯನ್ನು ಮರೆತ ಕಾರಣಕ್ಕೇ ಎಷ್ಟೋ ಒಳ್ಳೆಯ ಕೆಲಸಗಳು ಕೆಲವೇ ವಾರಗಳಲ್ಲಿ ಮತ್ತೆ ಸೋರತೊಡಗುತ್ತವೆ.

ಹಳೆಯ ಪೆಟ್ರೋಲ್ ಜೀಪಿನ ಮಾಲೀಕರಲ್ಲಿ ಒಂದು ವಿನಂತಿ ಉಳಿಯುತ್ತದೆ. ಮೂಲ ಎರಕದ ಮ್ಯಾನಿಫೋಲ್ಡ್ ಬಾಗಿರಲಿ, ಬಿರಿದಿರಲಿ, ಕಿವಿ ಮುರಿದಿರಲಿ, ಅದನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಮುನ್ನ ಬೀಡಿನ ಕೆಲಸ ಬಲ್ಲ ವೆಲ್ಡರಿಗೂ ಮಷಿನ್ ಶಾಪಿನವರಿಗೂ ಒಮ್ಮೆ ತೋರಿಸಿ. ಅವರೂ ಕೈಚೆಲ್ಲಿದರೆ ಒಣಗಿದ ಜಾಗದಲ್ಲಿ ಎತ್ತಿಡಿ. ಅದೇ ಎಂಜಿನ್ನಿನ ಇನ್ನೊಬ್ಬ ಮಾಲೀಕರಿಗೆ ಆ ಕವಾಟ, ಆ ಸ್ಪ್ರಿಂಗು, ಅಳತೆ ತೆಗೆಯಲು ಆ ಮಾದರಿ ಬೇಕಾಗುತ್ತದೆ.